ರೈಲಿನ ಬೀಗ, ಹೆಬ್ಬೆರಳಿನ ಗುರುತು

ಪೋಲೆಂಡಿನ ನೈಋತ್ಯಕ್ಕಿರುವ ಲೋವರ್ ಸೈಲೀಸಿಯಾ ಪ್ರಾಂತ್ಯದಲ್ಲಿ ‘ಇಂಪುಲ್ಸ್’ ಎಂಬ ವಿದ್ಯುತ್ ರೈಲುಗಳು ಓಡುತ್ತವೆ. ಹತ್ತು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಅವನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಬೇಕು. 2022ರಲ್ಲಿ ಆ ಕೆಲಸ ನಡೆದದ್ದು ರೈಲು ಕಟ್ಟಿದ ನೆವಾಗ್ ಕಂಪನಿಯ ಕಾರ್ಖಾನೆಯಲ್ಲಲ್ಲ, ಟೆಂಡರ್ ಗೆದ್ದಿದ್ದ ಎಸ್‌ಪಿಎಸ್ ಎಂಬ ಬೇರೊಂದು ವರ್ಕ್‌ಶಾಪಿನಲ್ಲಿ. ಅಲ್ಲಿನ ಮೆಕ್ಯಾನಿಕ್‌ಗಳು ಕಂಪನಿಯದೇ ಕೈಪಿಡಿಯನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಮುಗಿಸಿದರು. ರೈಲು ಮಿಸುಕಲಿಲ್ಲ. ಚಾಲಕನ ಮುಂದಿನ ಪರದೆ ಎಲ್ಲ ಸರಿಯಿದೆ ಎನ್ನುತ್ತಿತ್ತು, ಮೋಟರಿಗೆ ಮಾತ್ರ ವಿದ್ಯುತ್ ಹರಿಯುತ್ತಿರಲಿಲ್ಲ. ಒಂದರ ಹಿಂದೆ ಒಂದು ರೈಲು ಹೀಗೆ ಶೆಡ್ಡಿನಲ್ಲೇ ನಿಂತವು. ಟೆಂಡರ್ ಕೈತಪ್ಪುವ ಹಂತ ಬಂದಾಗ ವರ್ಕ್‌ಶಾಪಿನವರು ಇಂಟರ್‌ನೆಟ್ಟಿನಲ್ಲಿ ‘ಪೋಲೆಂಡಿನ ಹ್ಯಾಕರ್‌ಗಳು’ ಎಂದು ಹುಡುಕಿದರು. ಸಿಕ್ಕಿದ್ದು ‘ಡ್ರ್ಯಾಗನ್ ಸೆಕ್ಟರ್’ ಎಂಬ ತಂಡ.

ಆ ತಂಡದ ಮಿಹಾವ್ ಕೊವಾಲ್ಚಿಕ್, ಸೆರ್ಗಿಯುಶ್ ಬಜಾನ್‌ಸ್ಕಿ, ಯಾಕುಬ್ ಸ್ಟೆಂಪ್ನೆವಿಚ್ ರೈಲಿನ ನಿಯಂತ್ರಣ ಕಂಪ್ಯೂಟರಿನೊಳಗಿನ ತಂತ್ರಾಂಶವನ್ನು ಹೊರತೆಗೆದು, ಓಡುವ ರೈಲಿನದನ್ನೂ ನಿಂತ ರೈಲಿನದನ್ನೂ ಹೋಲಿಸಿ ಓದಿದರು. ಅವರು ಹೇಳುವ ಪ್ರಕಾರ ಒಳಗೆ ಕೆಲವು ಜಿಪಿಎಸ್ ಅಂಕಿಗಳಿದ್ದವು. ನಕ್ಷೆಯ ಮೇಲೆ ಗುರುತು ಹಾಕಿ ನೋಡಿದರೆ ಅವು ನೆವಾಗ್‌ನ ಪ್ರತಿಸ್ಪರ್ಧಿಗಳ ವರ್ಕ್‌ಶಾಪುಗಳು. ರೈಲು ಆ ಅಂಗಳಗಳಲ್ಲಿ ಹತ್ತು ದಿನ ನಿಂತರೆ ತನ್ನಷ್ಟಕ್ಕೆ ಬೀಗ ಬೀಳುವಂತೆ ಬರೆಯಲಾಗಿತ್ತು. ಚಾಲಕನ ಕೋಣೆಯ ಕೆಲವು ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಬೀಗ ತೆರೆಯುತ್ತಿತ್ತು, ಅದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ನೆವಾಗ್ ಇದೆಲ್ಲವನ್ನೂ ಅಲ್ಲಗಳೆದಿದೆ. ತಾನು ಅಂಥ ತಂತ್ರಾಂಶ ಹಾಕಿಲ್ಲ, ಇದು ಪ್ರತಿಸ್ಪರ್ಧಿಗಳ ಅಪಪ್ರಚಾರ ಎಂದು ಹೇಳಿ ಹ್ಯಾಕರ್‌ಗಳ ಮೇಲೆ ಮೊಕದ್ದಮೆಯನ್ನೂ ಹೂಡಿತು. ಈ ಕಥೆಯನ್ನು ಬಿಚ್ಚಿಟ್ಟ ಹ್ಯಾಕರ್‌ಗಳ ಸಮ್ಮೇಳನಕ್ಕೆ ಮರುವರ್ಷ ಇದೇ ತಂಡ ಮರಳಿ ಬಂದು, ಬಾಯಿಬಿಟ್ಟ ಮೇಲೆ ಕೋರ್ಟು, ವಕೀಲರು, ನೋಟಿಸುಗಳ ನಡುವೆ ದಿನಗಳು ಹೇಗೆ ಕಳೆದವು ಎಂಬುದನ್ನೇ ಒಂದು ಭಾಷಣವಾಗಿ ಹೇಳಿತು.

ರೈಲಿನ ಕಥೆಯನ್ನು ಅವರು ಬಿಚ್ಚಿಟ್ಟದ್ದು 2023ರ ಡಿಸೆಂಬರ್ 27ರಂದು, ಹ್ಯಾಂಬರ್ಗ್ ನಗರದ ದೊಡ್ಡ ಸಭಾಂಗಣದಲ್ಲಿ, ಜರ್ಮನಿಯ ಹ್ಯಾಕರ್‌ಗಳ ಬಳಗವಾದ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನ 37ನೇ ಸಮ್ಮೇಳನದ ಮೊದಲ ದಿನ. ಜನರ ನಡುವೆ ಕೂತು ಕೇಳುತ್ತಿದ್ದ ನನಗೆ ಅನಿಸಿದ್ದಿಷ್ಟು: ಆ ಪ್ರಾಂತ್ಯದ ರೈಲು ಅಲ್ಲಿನ ಜನರ ತೆರಿಗೆ ಹಣದ್ದು. ಅದು ಏಕೆ ನಿಂತಿತು ಎಂದು ಕೇಳುವ ಹಕ್ಕು ಅವರಿಗಿದೆ. ಆದರೆ ಉತ್ತರವನ್ನು ಓದಬಲ್ಲ ಕಣ್ಣು ಕೆಲವೇ ಜನರಿಗಿದೆ. ಆ ಕೆಲವರನ್ನು ಒಂದು ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಕಂಪ್ಯೂಟರ್ ಬಲ್ಲವರ ಒಳಮನೆಯ ವಿಷಯವಲ್ಲ.

ಹ್ಯಾಂಬರ್ಗಿನ ಡಾಮ್‌ಟೋರ್ ರೈಲು ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಸಮ್ಮೇಳನದ ಕಟ್ಟಡ. ಕ್ರಿಸ್‌ಮಸ್ ಮುಗಿದ ಮೇಲೆ, ಡಿಸೆಂಬರ್ 27ರಿಂದ 30ರವರೆಗೆ, ಹಗಲು ರಾತ್ರಿಯೆನ್ನದೆ ಬಾಗಿಲು ತೆರೆದಿರುತ್ತದೆ. ಕೋವಿಡ್‌ನಿಂದಾಗಿ 2019ರ ನಂತರ ಹೀಗೆ ಒಂದೇ ಸೂರಿನಡಿ ಸೇರಲಾಗಿರಲಿಲ್ಲ. ಅದಕ್ಕೇ ಏನೋ, ಒಳಗೆ ಕಾಲಿಟ್ಟವರ ಮುಖದಲ್ಲಿ ನೆಂಟರ ಮನೆಗೆ ಬಂದ ಕಳೆಯಿತ್ತು. ನಮ್ಮಲ್ಲಿ ತಂತ್ರಜ್ಞಾನ ಸಮ್ಮೇಳನವೆಂದರೆ ಕಣ್ಣಿಗೆ ಬೀಳುವುದು ಕಂಪನಿಗಳ ಮಳಿಗೆ, ಹೊಳೆಯುವ ಬ್ಯಾನರು, ಕೈಗೆ ತುರುಕುವ ಚೀಲ. ಇಲ್ಲಿ ಅವು ಯಾವುವೂ ಇಲ್ಲ. ಮೇಜುಗಳ ಮೇಲೆ ಬೆಸುಗೆ ಹಾಕುವ ಕಡ್ಡಿಗಳು, ಬಿಚ್ಚಿಹಾಕಿದ ರೂಟರುಗಳು, ಬೀಗಗಳ ರಾಶಿ. ಕೀಲಿಯಿಲ್ಲದೆ ಬೀಗ ತೆಗೆಯುವುದನ್ನು ಆಟವಾಗಿ ಆಡುವವರ ಒಂದು ಸಂಘವೇ ಜರ್ಮನಿಯಲ್ಲಿದೆ. ಅವರ ಮೇಜಿನ ಸುತ್ತ ಹತ್ತು ಹನ್ನೆರಡರ ಮಕ್ಕಳು ತಂತಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಒಳಗಿನ ಪಿನ್ನುಗಳನ್ನು ಒಂದೊಂದಾಗಿ ಎತ್ತುವುದು ಹೇಗೆಂದು ತೋರಿಸುತ್ತಿದ್ದರು. ಅಲ್ಲಿ ಎರಡೇ ನಿಯಮ. ನಿನ್ನದಲ್ಲದ ಬೀಗಕ್ಕೆ ಕೈ ಹಾಕಬೇಡ, ಬಳಕೆಯಲ್ಲಿರುವ ಬೀಗಕ್ಕೆ ಕೈ ಹಾಕಬೇಡ.

ಫೋಟೊ ತೆಗೆಯಬೇಕೆಂದರೆ ಚೌಕಟ್ಟಿನೊಳಗೆ ಬರುವ ಪ್ರತಿಯೊಬ್ಬರನ್ನೂ ಕೇಳಬೇಕು. ಸಾವಿರಾರು ಜನರಿರುವ ಜಾಗದಲ್ಲಿ ಮೊಬೈಲು ಮೇಲೆತ್ತಿದವರು ಇಲ್ಲವೆಂಬಷ್ಟು ಕಡಿಮೆ. ಕಟ್ಟಡದೊಳಗೆ ಅವರದೇ ದೂರವಾಣಿ ಜಾಲ ಇರುತ್ತದೆ. ಮನೆಯ ಹಳೇ ಕಾರ್ಡ್‌ಲೆಸ್ ಫೋನನ್ನು ತಂದು ನೋಂದಾಯಿಸಿಕೊಂಡರೆ ನಾಲ್ಕಂಕಿಯ ನಂಬರು ಸಿಗುತ್ತದೆ. ಇದನ್ನೆಲ್ಲ ಕಟ್ಟುವುದು, ಕಾಯುವುದು, ಗುಡಿಸುವುದು, ಬಾಗಿಲಲ್ಲಿ ನಿಲ್ಲುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಸ್ವಯಂಸೇವಕರು. ಅವರನ್ನು ‘ಏಂಜಲ್’ಗಳೆಂದೂ, ಅವರಿಗೆ ಕೆಲಸ ಹಂಚುವ ಕಚೇರಿಯನ್ನು ‘ಸ್ವರ್ಗ’ವೆಂದೂ ಕರೆಯುತ್ತಾರೆ. ಟಿಕೆಟ್ಟಿನ ದುಡ್ಡನ್ನು ಅವರೂ ಕೊಟ್ಟೇ ಒಳಗೆ ಬಂದಿರುತ್ತಾರೆ. ಊರ ಜಾತ್ರೆಯಲ್ಲಿ ತೇರಿಗೆ ಹಗ್ಗ ಹಿಡಿದವನೇ ಪಂಕ್ತಿಯಲ್ಲಿ ಬಡಿಸುವುದಕ್ಕೂ ನಿಲ್ಲುತ್ತಾನಲ್ಲ, ಹಾಗೆ. ವೇದಿಕೆಯ ಮೇಲೆ ಮಾತನಾಡಿ ಬಂದವರನ್ನು ಸಂಜೆ ಪಾತ್ರೆ ತೊಳೆಯುವಲ್ಲಿ ನೋಡಬಹುದು. ಜರ್ಮನ್ ಭಾಷಣಗಳನ್ನು ಇಂಗ್ಲಿಷಿಗೂ ಇಂಗ್ಲಿಷಿನವನ್ನು ಜರ್ಮನ್ನಿಗೂ ಅಲ್ಲೇ ಕೂತು ಅನುವಾದಿಸುವವರೂ ಸ್ವಯಂಸೇವಕರೇ. ಭಾಷಣಗಳ ವಿಡಿಯೊ ಬೇಗನೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಬಳ್ಳಾರಿಯಲ್ಲಿ ಕೂತ ವಿದ್ಯಾರ್ಥಿನಿಯೂ ಕಾಸು ಕೊಡದೆ ನೋಡಬಹುದು.

ಕೇಯಾಸ್ ಕ್ಲಬ್ಬು ಹುಟ್ಟಿದ್ದು 1981ರಲ್ಲಿ, ಬರ್ಲಿನ್ನಿನ ‘ತಾತ್ಸ್’ ಪತ್ರಿಕೆಯ ಕಚೇರಿಯ ಒಂದು ಮೇಜಿನ ಸುತ್ತ. ಕಂಪ್ಯೂಟರು ಸರ್ಕಾರ ಮತ್ತು ದೊಡ್ಡ ಕಂಪನಿಗಳ ಕೈಯಲ್ಲಷ್ಟೇ ಇದ್ದ ಕಾಲ ಅದು. ಮುಖ್ಯ ಪ್ರೇರಣೆ ವಾವ್ ಹಾಲೆಂಡ್. ಗಡ್ಡಧಾರಿ, ಮಾತುಗಾರ, 2001ರಲ್ಲಿ ತೀರಿಕೊಂಡರು. ಜನ ಇವರತ್ತ ತಿರುಗಿ ನೋಡಿದ್ದು 1984ರ ನವೆಂಬರಿನಲ್ಲಿ. ಜರ್ಮನಿಯ ಅಂಚೆ ಇಲಾಖೆ ಆಗ ‘ಬಿಟಿಎಕ್ಸ್’ ಎಂಬ ವ್ಯವಸ್ಥೆ ನಡೆಸುತ್ತಿತ್ತು. ಫೋನಿನ ಮೂಲಕ ಪರದೆಯ ಮೇಲೆ ಪುಟಗಳನ್ನು ಓದಬಹುದಿತ್ತು, ಕೆಲವು ಪುಟಗಳಿಗೆ ದುಡ್ಡು ಕೊಡಬೇಕಿತ್ತು. ಅದರಲ್ಲಿ ದೋಷಗಳಿವೆ ಎಂದು ಕ್ಲಬ್ಬಿನವರು ಹೇಳಿದರು, ಇಲಾಖೆ ವ್ಯವಸ್ಥೆ ಭದ್ರವಾಗಿದೆ ಎಂದಿತು. ಆಗ ವಾವ್ ಹಾಲೆಂಡ್ ಮತ್ತು ಸ್ಟೆಫೆನ್ ವೆರ್ನೇರಿ ಹ್ಯಾಂಬರ್ಗಿನ ಒಂದು ಉಳಿತಾಯ ಬ್ಯಾಂಕಿನ ಹೆಸರಿನಲ್ಲಿ ಒಳಹೊಕ್ಕು, ತಮ್ಮ ಕ್ಲಬ್ಬಿನ ದುಡ್ಡಿನ ಪುಟವನ್ನು ರಾತ್ರಿಯಿಡೀ ಮತ್ತೆ ಮತ್ತೆ ತೆರೆಯುವಂತೆ ಕಂಪ್ಯೂಟರಿಗೆ ಹೇಳಿದರು. ಬೆಳಗಾಗುವ ಹೊತ್ತಿಗೆ ಬ್ಯಾಂಕಿನಿಂದ ಕ್ಲಬ್ಬಿಗೆ ಸುಮಾರು 1,35,000 ಮಾರ್ಕ್ ಸಲ್ಲಬೇಕೆಂದು ಲೆಕ್ಕ ತೋರಿಸುತ್ತಿತ್ತು. ಅವರು ಅದನ್ನು ಇಟ್ಟುಕೊಳ್ಳಲಿಲ್ಲ, ಪತ್ರಕರ್ತರನ್ನು ಕರೆದು ಎಲ್ಲವನ್ನೂ ಹೇಳಿದರು. ಬ್ಯಾಂಕಿನ ಪಾಸ್‌ವರ್ಡ್ ಅವರಿಗೆ ಹೇಗೆ ಸಿಕ್ಕಿತು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಆ ವ್ಯವಸ್ಥೆ ಭದ್ರವೆಂಬ ಮಾತು ಅಲ್ಲಿಗೆ ಮುಗಿಯಿತು. ಮರುತಿಂಗಳು, ಅಂದರೆ ಡಿಸೆಂಬರಿನಲ್ಲಿ, ಅದೇ ಊರಿನಲ್ಲಿ ಮೊದಲ ಸಮ್ಮೇಳನ ಸೇರಿತು.

ಇವರ ಸುತ್ತ ಬೆಳಕಷ್ಟೇ ಇತ್ತು ಎಂದರೆ ಸುಳ್ಳಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಹ್ಯಾನೋವರಿನ ಕೆಲವು ಯುವಕರು ಅಮೆರಿಕದ ಕಂಪ್ಯೂಟರುಗಳಿಂದ ಕದ್ದದ್ದನ್ನು ಸೋವಿಯತ್ ಗುಪ್ತಚರ ಸಂಸ್ಥೆಗೆ ಮಾರಿದರು. ಅವರಲ್ಲೊಬ್ಬನಾದ ಕಾರ್ಲ್ ಕಾಖ್ 1989ರಲ್ಲಿ, 23ನೇ ವಯಸ್ಸಿಗೆ, ಕಾಡಿನಲ್ಲಿ ಸುಟ್ಟ ಶವವಾಗಿ ಸಿಕ್ಕ. ಆ ಪ್ರಕರಣ ಇಡೀ ಬಳಗವನ್ನು ಅಲುಗಿಸಿತು. ಕ್ಲಬ್ಬಿನ ನೀತಿಸೂತ್ರಗಳಲ್ಲಿ ಎರಡು ಮಾತು ಎದ್ದು ಕಾಣುತ್ತವೆ: ಇನ್ನೊಬ್ಬರ ಮಾಹಿತಿಯಲ್ಲಿ ಕಸ ಹಾಕಬೇಡ, ಸಾರ್ವಜನಿಕ ಮಾಹಿತಿಯನ್ನು ಬಳಕೆಗೆ ತಾ, ಖಾಸಗಿ ಮಾಹಿತಿಯನ್ನು ಕಾಪಾಡು. ನಮ್ಮ ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೂ ಬರೆಸಬಹುದಾದ ಮಾತುಗಳಿವು.

ಕರ್ನಾಟಕದ ಓದುಗರಿಗೆ ಇಲ್ಲಿನ ಎಲ್ಲಕ್ಕಿಂತ ಹತ್ತಿರದ್ದು ಬೆರಳಿನ ವಿಷಯ. 2008ರಲ್ಲಿ ಜರ್ಮನಿಯ ಗೃಹಸಚಿವರಾಗಿದ್ದ ವೋಲ್ಫ್‌ಗಾಂಗ್ ಶೊಯ್ಬ್ಲೆ ಪಾಸ್‌ಪೋರ್ಟಿನಲ್ಲಿ ಬೆರಳಚ್ಚು ಇರಬೇಕೆಂದು ಪಟ್ಟುಹಿಡಿದಿದ್ದರು. ಸಾರ್ವಜನಿಕ ಸಭೆಯೊಂದರಲ್ಲಿ ಅವರು ನೀರು ಕುಡಿದಿಟ್ಟ ಲೋಟದಿಂದ ಬೆರಳಚ್ಚು ಎತ್ತಿ, ಕ್ಲಬ್ಬು ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿತು. ಬೆರಳಿಗೆ ಅಂಟಿಸಿಕೊಳ್ಳಬಹುದಾದ ತೆಳು ಪೊರೆಯನ್ನೂ ಜೊತೆಗೆ ಇಟ್ಟಿತು. 2013ರಲ್ಲಿ ಬೆರಳಚ್ಚಿನಿಂದ ತೆರೆಯುವ ಐಫೋನ್ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ‘ಸ್ಟಾರ್‌ಬಗ್’ ಎಂದೇ ಎಲ್ಲರೂ ಬಲ್ಲ ಯಾನ್ ಕ್ರಿಸ್ಲರ್ ಅದನ್ನು ನಕಲಿ ಬೆರಳಿನಿಂದ ತೆರೆದರು. 2014ರ ಸಮ್ಮೇಳನದಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಗಿನ ರಕ್ಷಣಾ ಸಚಿವೆ ಉರ್ಸುಲಾ ಫಾನ್ ಡೆರ್ ಲಾಯೆನ್ ಅವರ ಪತ್ರಿಕಾಗೋಷ್ಠಿಯ ಫೋಟೊಗಳಿಂದಲೇ, ಅವರನ್ನೂ ಅವರು ಮುಟ್ಟಿದ ವಸ್ತುವನ್ನೂ ಮುಟ್ಟದೆ, ಹೆಬ್ಬೆರಳಿನ ಗೆರೆಗಳನ್ನು ಪಡೆದು ತೋರಿಸಿದರು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಹೆಬ್ಬೆರಳು ಸಾಯುವವರೆಗೂ ಅದೇ.

ಈಗ ನಮ್ಮೂರಿಗೆ ಬನ್ನಿ. ಜಮೀನು, ಸೈಟು ನೋಂದಣಿಗೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದವರೆಲ್ಲ ಹೆಬ್ಬೆಟ್ಟು ಒತ್ತಿ ಬಂದವರೇ. ಆ ಕ್ರಯಪತ್ರಗಳ ಪ್ರತಿಗಳು ಕಾವೇರಿ ಪೋರ್ಟಲಿನಲ್ಲಿ ಸಿಗುತ್ತಿದ್ದವು, ಹೆಬ್ಬೆಟ್ಟಿನ ಗುರುತೂ ಆಧಾರ್ ವಿವರವೂ ಸೇರಿ. 2023ರಲ್ಲಿ ರಾಜ್ಯದ ಹಲವೆಡೆ ಜನರ ಬ್ಯಾಂಕ್ ಖಾತೆಯಿಂದ, ಒಟಿಪಿ ಬಾರದೆ, ಯಾರ ಫೋನೂ ಬಾರದೆ, ಹತ್ತು ಸಾವಿರ ರೂಪಾಯಿಯಂತೆ ಹಣ ಹೋಗತೊಡಗಿತು. ಪೊಲೀಸರು ಬೆನ್ನು ಹತ್ತಿದಾಗ ತಿಳಿದದ್ದು, ಕಳ್ಳರು ಪತ್ರಗಳಿಂದ ಬೆರಳಚ್ಚು ಎತ್ತಿ ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯುತ್ತಿದ್ದರು ಎಂಬುದು. ಈ ವ್ಯವಸ್ಥೆಗೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಎಟಿಎಂ ಇಲ್ಲದ ಹಳ್ಳಿಯಲ್ಲಿ ಅಜ್ಜಿಯೊಬ್ಬಳು ಪಿಂಚಣಿ ತೆಗೆಯಲೆಂದು ಮಾಡಿದ ಅನುಕೂಲ ಅದು, ನಿಜಕ್ಕೂ ಅನುಕೂಲವೇ. ನಂತರ ಸರ್ಕಾರ ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಮುಂದಾಯಿತು. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕುವ ಸೌಲಭ್ಯವಿದೆ. ಓದುಗರು ಇವತ್ತೇ ತಮ್ಮದಕ್ಕೂ ಮನೆಯ ಹಿರಿಯರದಕ್ಕೂ ಹಾಕಿಕೊಳ್ಳುವುದು ಒಳ್ಳೆಯದು, ಬೇಕಾದಾಗ ತೆಗೆದುಕೊಳ್ಳಬಹುದು.

ನನ್ನನ್ನು ಕಾಡುವುದು ಆ ಎರಡು ಇಸವಿಗಳ ನಡುವಿನ ಅಂತರ. 2008ರಲ್ಲೇ ಜರ್ಮನಿಯ ಒಂದು ಪತ್ರಿಕೆಯಲ್ಲಿ ಅಚ್ಚಾಗಿದ್ದ ಅಪಾಯ 2023ರಲ್ಲಿ ನಮ್ಮ ರೈತರ ಖಾತೆ ಬರಿದು ಮಾಡಿತು. ಹದಿನೈದು ವರ್ಷ. ಈ ನಡುವೆ ಇಲ್ಲಿಯೂ ಯಾರಾದರೂ ಎಂಜಿನಿಯರ್ ಹುಡುಗ ಹುಡುಗಿಯರು ಕ್ರಯಪತ್ರದ ಪ್ರತಿ ಇಳಿಸಿಕೊಂಡು ‘ಅಯ್ಯೋ, ಹೆಬ್ಬೆಟ್ಟು ಕಾಣುತ್ತಿದೆಯಲ್ಲ’ ಎಂದುಕೊಂಡಿರಲಾರರೇ? ಅಂದುಕೊಂಡವರು ಯಾರಿಗೆ ಹೇಳಬೇಕಿತ್ತು?

ಹೇಳಿದವರಿಗೆ ಏನಾಯಿತು ಎಂಬುದಕ್ಕೆ ನಮ್ಮ ದೇಶದಲ್ಲಿ ಉದಾಹರಣೆಗಳಿವೆ. 2018ರ ಜನವರಿಯಲ್ಲಿ ‘ದ ಟ್ರಿಬ್ಯೂನ್’ ಪತ್ರಿಕೆ, 500 ರೂಪಾಯಿಗೆ ಆಧಾರ್ ವಿವರಗಳನ್ನು ನೋಡುವ ದಾರಿ ಮಾರಾಟಕ್ಕಿದೆ ಎಂದು ವರದಿ ಮಾಡಿದಾಗ ದಾಖಲಾದ ಎಫ್‌ಐಆರ್‌ನಲ್ಲಿ ವರದಿಗಾರ್ತಿಯ ಹೆಸರೂ ಇತ್ತು. ಅದಕ್ಕೂ ಹಿಂದೆ, 2010ರಲ್ಲಿ, ಹೈದರಾಬಾದಿನ ಹರಿಪ್ರಸಾದ್, ಅಮೆರಿಕದ ಪ್ರಾಧ್ಯಾಪಕ ಅಲೆಕ್ಸ್ ಹಾಲ್ಡರ್‌ಮನ್, ಹಾಲೆಂಡಿನ ರಾಪ್ ಖಾಂಗ್ರೈಪ್ ಸೇರಿ ಭಾರತದ ಮತಯಂತ್ರವೊಂದನ್ನು ಬಿಚ್ಚಿ ಅದರ ದೌರ್ಬಲ್ಯಗಳನ್ನು ಪ್ರಕಟಿಸಿದರು. ಚುನಾವಣಾ ಆಯೋಗ ಅವರ ವಾದವನ್ನು ಒಪ್ಪಲಿಲ್ಲ. ಯಂತ್ರ ಯಾವ ಜಾಲಕ್ಕೂ ಸೇರಿಲ್ಲ, ಕಾವಲು ಬಿಗಿಯಾಗಿದೆ ಎಂದಿತು. ಅದು ತೂಕವಿರುವ ಉತ್ತರವೇ. ಚುನಾವಣೆಯನ್ನು ಯಾರೋ ಕದ್ದರು ಎಂದು ನಾನು ಇಲ್ಲಿ ಹೇಳುತ್ತಿಲ್ಲ. ಆದರೆ ಆ ಆಗಸ್ಟಿನಲ್ಲಿ ಪೊಲೀಸರು ಹರಿಪ್ರಸಾದರ ಮನೆಗೆ ಬಂದು, ಯಂತ್ರ ಎಲ್ಲಿಂದ ಬಂತು ಎಂದು ಕೇಳಿ, ಅವರನ್ನು ಬಂಧಿಸಿ ಮುಂಬೈಗೆ ಕರೆದೊಯ್ದರು. ಕಂಡ ದೋಷದ ಚರ್ಚೆ ಹಿಂದೆ ಸರಿದು, ಕಂಡವನ ಮೇಲಿನ ಕೇಸು ಮುಂದೆ ಬಂತು.

ಇದೇ ರಾಪ್ ಖಾಂಗ್ರೈಪ್ 2006ರಲ್ಲಿ ತಮ್ಮ ದೇಶದ ನೆಡಾಪ್ ಮತಯಂತ್ರವನ್ನು ಬಿಚ್ಚಿ, ಅದರ ಮೇಲೆ ಚದುರಂಗ ಆಡಿಸಿ ತೋರಿಸಿದ್ದವರು. ಹಾಲೆಂಡ್ ಸರ್ಕಾರ ವಿಚಾರಣೆ ನಡೆಸಿ ಯಂತ್ರಗಳನ್ನೇ ಕೈಬಿಟ್ಟಿತು. ಜರ್ಮನಿಯಲ್ಲಿ ತಂದೆ ಮಗ ಇಬ್ಬರು ಮತಯಂತ್ರಗಳ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2009ರ ಮಾರ್ಚಿನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಕೊಟ್ಟ ತೀರ್ಪಿನ ತಿರುಳು ಹೀಗಿದೆ: ಮತದಾನದ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಪರೀಕ್ಷಿಸಿ ನೋಡುವಂತಿರಬೇಕು. ನಮ್ಮಲ್ಲಿಯೂ 2013ರಲ್ಲಿ ಸುಪ್ರೀಂ ಕೋರ್ಟು ಕಾಗದದ ಚೀಟಿ ತೋರಿಸುವ ವಿವಿಪ್ಯಾಟ್ ಬೇಕೆಂದಿತು. ಯಂತ್ರವನ್ನು ಪ್ರಶ್ನಿಸಿದ್ದರಿಂದ ಮತದಾರನಿಗೆ ಸಿಕ್ಕ ಲಾಭ ಅದು.

ದೋಷ ಹುಡುಕಿದವರನ್ನು ಕಾಪಾಡುವ ದಾರಿಗಳು ಬೇರೆ ದೇಶಗಳಲ್ಲೂ ತಾವಾಗಿ ಬಂದಿಲ್ಲ. 2021ರಲ್ಲಿ ಜರ್ಮನಿಯ ಸಿಡಿಯು ಪಕ್ಷದ ಪ್ರಚಾರ ಆ್ಯಪಿನಲ್ಲಿ ಜನರ ಮಾಹಿತಿ ಬಯಲಾಗಿರುವುದನ್ನು ಭದ್ರತಾ ಸಂಶೋಧಕಿ ಲಿಲಿತ್ ವಿಟ್‌ಮನ್ ಕಂಡು ತಿಳಿಸಿದರು. ಪಕ್ಷ ಅವರ ಮೇಲೇ ದೂರು ಕೊಟ್ಟಿತು. ಇನ್ನು ಮುಂದೆ ಈ ಪಕ್ಷಕ್ಕೆ ಯಾವ ದೋಷವನ್ನೂ ನಾವು ತಿಳಿಸುವುದಿಲ್ಲ ಎಂದು ಕೇಯಾಸ್ ಕ್ಲಬ್ಬು ಘೋಷಿಸಿದ ಮೇಲೆ ದೂರು ಹಿಂದಕ್ಕೆ ಹೋಯಿತು, ಕ್ಷಮೆಯೂ ಬಂತು. ಹಾಲೆಂಡಿನ ಸರ್ಕಾರಿ ಸೈಬರ್ ಭದ್ರತಾ ಕೇಂದ್ರ 2013ರಲ್ಲೇ ದೋಷ ತಿಳಿಸುವವರಿಗೆಂದು ಮಾರ್ಗಸೂಚಿ ಹೊರಡಿಸಿತು, ತಿಳಿಸಿದವರಿಗೆ ಟೀ ಶರ್ಟು ಕಳಿಸುತ್ತದೆ. ಅದನ್ನು ಹೆಮ್ಮೆಯಿಂದ ತೊಟ್ಟು ಓಡಾಡುವವರು ಈ ಲೋಕದಲ್ಲಿ ಬಹಳ. ಅಮೆರಿಕದ ನ್ಯಾಯ ಇಲಾಖೆ 2022ರ ಮೇನಲ್ಲಿ, ಸದುದ್ದೇಶದ ಭದ್ರತಾ ಸಂಶೋಧನೆಗೆ ಕೇಸು ಹಾಕುವುದಿಲ್ಲ ಎಂಬ ನೀತಿ ಪ್ರಕಟಿಸಿತು. 2024ರ ಸಮ್ಮೇಳನದ ಹೊತ್ತಿಗೆ ಫೋಕ್ಸ್‌ವ್ಯಾಗನ್ ಬಳಗದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಬಯಲಲ್ಲಿದ್ದದ್ದು ಬೆಳಕಿಗೆ ಬಂತು. ಅದರಲ್ಲಿ ಅನೇಕ ಕಾರುಗಳು ಎಲ್ಲೆಲ್ಲಿ ನಿಂತಿದ್ದವು ಎಂಬುದೂ ಇತ್ತು. ಕ್ಲಬ್ಬು ಮೊದಲು ಕಂಪನಿಗೆ ತಿಳಿಸಿತು, ಕಂಪನಿ ತೂತು ಮುಚ್ಚಿತು, ಆಮೇಲೆ ವೇದಿಕೆಯ ಮೇಲೆ ಎಲ್ಲರಿಗೂ ಹೇಳಲಾಯಿತು. ಹುಡುಕು, ತಿಳಿಸು, ಮುಚ್ಚಲು ಕಾಲ ಕೊಡು, ನಂತರ ಊರಿಗೆ ಸಾರು ಎಂಬುದು ಇಲ್ಲಿ ಎಲ್ಲರೂ ಬಲ್ಲ ಕ್ರಮ.

ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು, ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸಿದವರೆಲ್ಲರನ್ನೂ ಪರಿಹಾರ ತೆರಬೇಕಾದವರ ಸಾಲಿನಲ್ಲಿ ನಿಲ್ಲಿಸುತ್ತದೆ. ಅಪ್ರಾಮಾಣಿಕವಾಗಿಯೋ ವಂಚನೆಯಿಂದಲೋ ಮಾಡಿದ್ದರೆ 66ನೇ ಕಲಮಿನಡಿ ಜೈಲು. ಒಳ್ಳೆಯ ಉದ್ದೇಶಕ್ಕೆ ಹುಡುಕಿದವರಿಗೆ ಬಿಡಿಸಿ ಬರೆದ ರಕ್ಷಣೆ ಅದರಲ್ಲಿಲ್ಲ. ಕೇಂದ್ರದ ಸರ್ಟ್-ಇನ್ ಸಂಸ್ಥೆ ದೋಷಗಳ ವರದಿ ಸ್ವೀಕರಿಸುತ್ತದೆ, ಅದು ಒಳ್ಳೆಯ ಕೆಲಸ. ಆದರೆ ವರದಿ ಮಾಡಿದವನ ಮೇಲೆ ಇಲಾಖೆಯೊಂದು ಠಾಣೆಗೆ ಹೋದರೆ ಅಡ್ಡ ನಿಲ್ಲುವ ಕಾನೂನಿನ ಸಾಲು ಬೇಕು.

ಬೆಂಗಳೂರಿನಲ್ಲಿ ಈ ಕಸುಬಿನವರಿಗೆ ಬರವಿಲ್ಲ. ‘ನಲ್’ ಎಂಬ ಮುಕ್ತ ಭದ್ರತಾ ಬಳಗ ಇಲ್ಲಿ ವರ್ಷಗಳಿಂದ ಉಚಿತ ಸಭೆ ನಡೆಸುತ್ತ ಬಂದಿದೆ. ಅದರಿಂದಲೇ ಹುಟ್ಟಿದ ‘ನಲ್‌ಕಾನ್’ 2010ರಲ್ಲಿ ಗೋವಾದಲ್ಲಿ ಆರಂಭವಾಯಿತು. ಕೇರಳದಲ್ಲಿ ಪೊಲೀಸ್ ಇಲಾಖೆಯೇ ಕೈಜೋಡಿಸಿ ‘ಕೊಕೊನ್’ ಸಮ್ಮೇಳನ ನಡೆಸುತ್ತದೆ. ಖಾಕಿ ತೊಟ್ಟವರೂ ಹ್ಯಾಕರ್‌ಗಳೂ ಒಂದೇ ಸಭಾಂಗಣದಲ್ಲಿ ಕೂರುವುದು ನಮ್ಮ ನೆರೆಯಲ್ಲೇ ಸಾಧ್ಯವಾಗಿದೆ. ಬೆಂಗಳೂರಿನ ಇಂಥ ಒಂದು ಶನಿವಾರದ ಸಭೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದುನಿಂತು, ಸರ್ಕಾರಿ ಪೋರ್ಟಲ್ ಒಂದರಲ್ಲಿ ನಂಬರು ಬದಲಿಸಿದರೆ ಬೇರೆಯವರ ಅರ್ಜಿ ತೆರೆಯುತ್ತದೆ, ಯಾರಿಗೆ ಬರೆಯಲಿ ಎಂದು ಕೇಳಿದಳು. ಒಬ್ಬರು ಸರ್ಟ್-ಇನ್ ಎಂದರು. ಇನ್ನೊಬ್ಬರು, ಹೆಸರು ಹಾಕದೆ ಬರೆ ಎಂದರು. ಮೂರನೆಯವರು, ಮೊದಲು ಅಪ್ಪ ಅಮ್ಮನಿಗೆ ಹೇಳು, ಆಮೇಲೆ ವಕೀಲರನ್ನು ಕೇಳು, ಅಲ್ಲಿಯವರೆಗೆ ಮತ್ತೆ ಅದನ್ನು ತೆರೆಯಲೇಬೇಡ ಎಂದರು. ಹೇಳಿದವರೆಲ್ಲ ಕಸುಬಿನಲ್ಲಿ ನುರಿತವರು, ಅವಳ ಹಿತ ಬಯಸಿದವರು.

ಜಾಲತಾಣದಲ್ಲಿ ‘ಸೆಕ್ಯುರಿಟಿ ಡಾಟ್ ಟೆಕ್ಸ್ಟ್’ ಎಂಬ ಪುಟ್ಟ ಕಡತವೊಂದನ್ನು ಗೊತ್ತುಪಡಿಸಿದ ಜಾಗದಲ್ಲಿ ಇಡುವ ಪದ್ಧತಿ 2022ರಲ್ಲಿ ಅಂತರರಾಷ್ಟ್ರೀಯ ದಾಖಲೆಯಾಗಿ ಪ್ರಕಟವಾಗಿದೆ. ದೋಷ ಕಂಡರೆ ಈ ವಿಳಾಸಕ್ಕೆ ಬರೆಯಿರಿ, ನಮ್ಮ ನೀತಿ ಇದು ಎಂದು ಅದರಲ್ಲಿ ನಾಲ್ಕು ಸಾಲು. ಬರೆಯಲು ಅರ್ಧ ಗಂಟೆ ಸಾಕು. ಕಾವೇರಿ, ಭೂಮಿ, ಸೇವಾ ಸಿಂಧು ಹೀಗೆ ನಮ್ಮ ಪಹಣಿ, ಪತ್ರ, ಪಿಂಚಣಿಗಳನ್ನು ಹೊತ್ತ ಪ್ರತಿಯೊಂದು ಪೋರ್ಟಲಿನಲ್ಲೂ ಆ ನಾಲ್ಕು ಸಾಲು ಕನ್ನಡದಲ್ಲಿರಬೇಕು. ಐದನೆಯ ಸಾಲಾಗಿ, ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಇಲಾಖೆ ದೂರು ಕೊಡುವುದಿಲ್ಲ ಎಂಬ ಮಾತು, ಕಾರ್ಯದರ್ಶಿಯ ಸಹಿಯೊಂದಿಗೆ.